ಚೌಕಾಬಾರಾ ಮಕ್ಕಳಿಗೆ ಕಲಸೂದು: ಯಾರ ಮನಿ ನಿಯಮ ಖರೆ?

ನವನಗರದವ:
ಮಗಳಿಗೆ ಏಳು ವರ್ಷ. ಮೊಬೈಲಿನ ಲೂಡೋ ಬಿಡಿಸಿ, ಕವಡಿ ಹಾಕಿ ಕಾಯಿ ನಡಸೂ ಚೌಕಾಬಾರಾ ಹಚ್ಚೋಣಂತ ಫರಸಿ ಮ್ಯಾಲ ಖಡೂಲೆ ಮನಿ ಬರದ್ವಿ. ಕವಡಿ ಕೈಯಾಗ ಹಿಡಿಯೂಕಿಂತ ಮೊದಲ ಜಗಳ ಸುರು ಆತು. ನಮ್ಮದು ಬಾಗಲಕೋಟಿ, ಮನಿಯಾಕಿ ತವರು ಇಂಡಿ, ಇಬ್ಬರ ನಿಯಮನೂ ಬ್ಯಾರೆ ಬ್ಯಾರೆ. ಬಲ್ಲವರು ಹೇಳ್ರಿ:
ಕಾಯಿ ಎಬ್ಬಸಾಕ, ಅಂದ್ರ ಆಟಕ್ಕ ಇಳಸಾಕ, ಮನಿಯಾಕಿ ಹೇಳೂಹಂಗ ಚೌಕಾ (ನಾಕು) ಇಲ್ಲಾ ಬಾರಾನ (ಎಂಟು) ಬೀಳಬೇಕೇನು?
ಎದುರಿನವರ ಒಂದೂ ಕಾಯಿ ಹೊಡೀದ ಒಳಗಿನ ಮನಿಗೆ ಹೋಗಬಹುದೇನು?
ಆಟ ಅರ್ಧಕ್ಕ ಬರೂದ್ರಾಗ ಹುಡುಗಿ ಎದ್ದು ಹೋಗತಾಳ. ಆಟ ಹೆಂಗ ಗಿಡ್ಡ ಮಾಡೂದು?

ಲಿಂಬಿ ತೋಟ:
ಚೌಕಾ, ಇಲ್ಲಂದ್ರ ಬಾರಾ. ಮೂರನೇದು ಇಲ್ಲ. ಮನಿಯವರು ಹೇಳಿದ್ದೇ ಖರೆ ಅದ.

ಕುಂದಾ ಡಬ್ಬಿ:
ಬೆಳಗಾವಿ ಕಡೆ ಒಂದು ಬಿದ್ರೂ ಏಳತೈತಿ ನೋಡ್ರಿ.

ಘಟಪ್ರಭಾ ದಂಡಿ:
ಏಳಸೂದ ಬ್ಯಾಡ. ನಾಕೂ ಕಾಯಿ ಮೊದಲ ಕಟ್ಟಿ ಮ್ಯಾಲ (ಕತ್ತರಿ ಗೆರಿ ಹಾಕಿದ ನಿಮ್ಮ ಮನಿ) ಇಡ್ರಿ, ಏನ ಬಿದ್ದರೂ ನಡಸ್ರಿ. ಹಂಗೂ ಆಡತಾರ.

ಕವಡಿ ಲೆಕ್ಕ:
ಮೂರೂ ಮಂದಿ ಖರೆ ಹೇಳೀರಿ, ಖರೇ ಜಗಳ ಹೊತ್ತಿಂದು. ಲೆಕ್ಕ ನೋಡ್ರಿ.

ನಾಕು ಕವಡಿ, ಒಂದೊಂದಕ್ಕ ಎರಡು ಮುಖ. ಒಟ್ಟ 16 ಥರ ಬೀಳತಾವು. ಒಂದ ಬಾಯಿ ಮ್ಯಾಲ ಆಗೂದು 4 ಥರ, ಎರಡು 6 ಥರ, ಮೂರು 4 ಥರ. ನಾಕೂ ಮ್ಯಾಲ ಅಂದ್ರ ಚೌಕಾ, ಅದು ಒಂದ ಥರ. ನಾಕೂ ಬೋರಲು ಅಂದ್ರ ಬಾರಾ, ಎಂಟು ಮನಿ, ಅದೂ ಒಂದ ಥರ.

ಚೌಕಾ-ಬಾರಾಕ್ಕ ಕಾಯ್ಕೊಂಡು ಕುಂತ್ರ 16ರಾಗ 2 ಅವಕಾಶ. ಸರಾಸರಿ 8 ಸಲ ಕವಡಿ ಹಾಕಿದ್ರ ಒಂದು ಕಾಯಿ ಏಳತೈತಿ. ನಾಕು ಮಂದಿ ಕುಂತಿದ್ರ ಆ ಹುಡುಗಿ ತನ್ನ 8 ಪಾಳಿ ನಡುವ ಉಳದವರ ಇಪ್ಪತ್ತರ ಮ್ಯಾಲ ಪಾಳಿ ನೋಡ್ಕೋತ ಕುಂಡ್ರಬೇಕು. ಏಳು ವರ್ಷದ ಕೂಸು ಏಳದs ಏನ ಮಾಡೀತು? ಒಂದು ಬಿದ್ರೂ ಏಳಲಿ ಅಂದ್ರ 16ರಾಗ 6 ಅವಕಾಶ. ಮೂರು ಸಲ ಹಾಕೂದ್ರಾಗ ಹೆಚ್ಚುಕಡಿಮಿ ಒಂದು ಎದ್ದಿರತೈತಿ. ಕಲಿಯೂ ಮುಂದ ಇದ ಬೇಶ್.

ಇನ್ನ ಉದ್ದ. ಒಂದು ಕಾಯಿ ಹಣ್ಣಾಗಾಕ, ಅಂದ್ರ ನಟ್ಟನಡುವಿನ ಮನಿ ಮುಟ್ಟಾಕ, 24 ಹೆಜ್ಜಿ. ನಾಕು ಕಾಯಿಗೆ 96. ಚೌಕಾ-ಬಾರಾ ಬಿದ್ರ ಇನ್ನೊಂದು ಸಲ ಕವಡಿ ಹಾಕಾಕ ಸಿಗೂದನ್ನೂ ಹಿಡದ್ರ ಒಂದು ಪಾಳಿಗೆ ಸರಾಸರಿ 2.86 ಹೆಜ್ಜಿ. ಅಂದ್ರ ಒಬ್ಬರಿಗೆ 33-34 ಪಾಳಿ, ನಾಕು ಮಂದಿಗೆ 134ರ ಸುತ್ತ. ಪಾಳಿಗೆ 20 ಸೆಕೆಂಡ್ ಅಂದ್ರೂ ಮುಕ್ಕಾಲು ತಾಸು. ಇದು ಯಾರೂ ಯಾರನ್ನೂ ಹೊಡೀದಿದ್ರ. ಹೊಡತ ಬಿದ್ದಂಗ ಆಟ ಜಗ್ಗತೈತಿ.

ಇಬ್ಬರ ಕುಂಡ್ರ್ರಿ, ಇಬ್ಬರಿಗೂ ಎರಡೆರಡ ಕಾಯಿ. ತಲಿಗೆ 48 ಹೆಜ್ಜಿ, 17 ಪಾಳಿ. ಹನ್ನೆರಡು ನಿಮಿಷದ ಆಟ. ನಿಯಮ ಕೆಡಸಬ್ಯಾಡ್ರಿ, ಕಾಯಿ ಕಡಿಮಿ ಮಾಡ್ರಿ.

ಖಾನಾವಳಿ ರೊಟ್ಟಿ:
ಚೌಕಾಬಾರಾಕ್ಕೂ ಗಣಿತದ ಮಾಸ್ತರ ಬಂದ್ರಪ್ಪಾ 😀

ಇಳಕಲ್ ಸೆರಗು:
ಕವಡಿ ಲೆಕ್ಕ ಅವರ, ನಿಮ್ಮ ಲೆಕ್ಕ ನಾಣ್ಯಕ್ಕ ಆತು. ಕವಡಿ ನಾಣ್ಯ ಅಲ್ರಿ. ಬೆನ್ನು ಉಬ್ಬು, ಬಾಯಿ ಚಪ್ಪಟಿ. ಎರಡೂ ಕಡೆ ಸಮ ಬೀಳತಾವ ಅಂತ ಹೇಳಿದವರು ಯಾರು? ಬೆನ್ನು ತಿಕ್ಕಿ ತೂತು ಮಾಡಿದ ಕವಡಿ, ಹಾರಕ್ಕ ಪೋಣಿಸೂವು, ಇನ್ನೂ ಬ್ಯಾರೆ ಥರ ಬೀಳತಾವು.

ಕವಡಿ ಲೆಕ್ಕ:
ಒಪ್ಪಿದೆ. ಅದಕ್ಕ ಹೊಸಾ ಕವಡಿ ತಂದ ಕೂಡ್ಲೆ ಪರೀಕ್ಷೆ ಮಾಡ್ಬೇಕು. ನಾಕೂ ಕವಡಿ ಕೂಡಿಸಿ 25 ಸಲ ಹಾಕ್ರಿ, ಎಷ್ಟು ಬಾಯಿ ಮ್ಯಾಲ ಬಿದ್ದುವಂತ ಹಾಳಿ ಮ್ಯಾಲ ಬರೀರಿ. ಒಟ್ಟ 100ರಾಗ 40ರಿಂದ 60ರ ನಡುವ ಬಂದ್ರ ಚಲೋ ಜೋಡಿ. ಒಂದ ಕವಡಿ ಯಾವಾಗಲೂ ಒಂದ ಮಕ್ಕ ಬೀಳತಿದ್ರ ಅದನ್ನ ತಗದು ಬ್ಯಾರೆ ಹಾಕ್ರಿ. ಈ ಗೆರಿ ಎಳಿಯೂ ಕೆಲಸ ಮಗಳ ಕೈಲೆ ಮಾಡಸ್ರಿ, ಐದೈದರ ಕಟ್ಟು ಕಟ್ಟಿ ಎಣಸೂದು ಬರತೈತಿ.

ಖಡು ತುಂಡು:
ಮನಿ ಬರಿಯೂದ ತಪ್ಪಿದ್ರ ಮುಂದಿಂದೆಲ್ಲಾ ತಪ್ಪತೈತಿ. ಹಿಂಗ ಬರೀರಿ.

5 ಅಡ್ಡ, 5 ಉದ್ದ, 25 ಮನಿ. ಫರಸಿ ಮ್ಯಾಲಾದ್ರ ಒಂದು ಮನಿ 4 ಇಂಚು, ಒಟ್ಟ 20 ಇಂಚು. ಸಣ್ಣ ಕೈಗೆ ದೊಡ್ಡ ಮನಿನ ಬೇಕು, 2 ಇಂಚಿನ ಮನಿಯಾಗ ನಾಕು ಕಾಯಿ ಕೂಡಿದ್ರ ಒಂದಕ್ಕೊಂದು ತಾಗಿ ಎಲ್ಲಾ ಕಲಸೇ ಹೋಗತಾವು. ಕಾಯಮ್ ಬೇಕಂದ್ರ 18 ಇಂಚಿನ ಪ್ಲೈವುಡ್, 3 ಇಂಚಿನ ಮನಿ, ಸುತ್ತ ಒಂದೂವರೆ ಇಂಚು ಅಂಚು ಬಿಡ್ರಿ. ಸತ್ತ ಕಾಯಿ, ಹಣ್ಣಾದ ಕಾಯಿ ಇಡಾಕ ಅಂಚು ಬೇಕ ಬೇಕು.

ನಾಕು ದಿಕ್ಕಿನ ನಡುವಿನ ಮನಿ ನಾಕು, ನಟ್ಟನಡುವಿಂದು ಒಂದು. ಈ ಐದಕ್ಕ ಮಾತ್ರ ಕತ್ತರಿ ಗೆರಿ. ನಾಕು ಕಟ್ಟಿ, ಒಂದು ಹಣ್ಣಿನ ಮನಿ. ಕಟ್ಟಿ ಮ್ಯಾಲಿನ ಕಾಯಿ ಯಾರೂ ಹೊಡಿಯೂಹಂಗಿಲ್ಲ.

ದಾರಿ: ನಿಮ್ಮ ಕಟ್ಟಿಯಿಂದ ಬಲಕ್ಕ ಹೊಂಟು, ಗಡಿಯಾರಕ್ಕ ಉಲ್ಟಾ, ಹೊರಗಿನ ಸುತ್ತು. 15ನೇ ಹೆಜ್ಜಿಗೆ ನಿಮ್ಮ ಕಟ್ಟಿಯ ಎಡಬಾಜೂಕ ಬಂದು ನಿಲ್ಲತೀರಿ. 16ನೇ ಹೆಜ್ಜಿ ಒಳಗ. ಅಲ್ಲಿಂದ ದಿಕ್ಕು ಬದಲಿ, ಗಡಿಯಾರ ತಿರಗಿದಂಗ 8 ಮನಿ. 24ನೇ ಹೆಜ್ಜಿ ನಡುವಿನ ಮನಿ, ಕಾಯಿ ಹಣ್ಣು. ಈ ದಿಕ್ಕು ಬದಲಾಗೂ ಜಾಗದಾಗ ಮಕ್ಕಳು ನೂರಕ್ಕ ನೂರು ತಪ್ಪತಾರ. ಹೊರಗಿನ ಸುತ್ತಿಗೆ ಬಿಳಿ ಖಡು, ಒಳಗಿನ ಸುತ್ತಿಗೆ ಬಣ್ಣದ ಖಡೂಲೆ ಬಾಣ ಬರೀರಿ. ನಾಕೈದು ಆಟ ಆದ ಮ್ಯಾಲ ಬಾಣ ಅಳಸ್ರಿ.

ಇನ್ನೊಂದು ತಪ್ಪು: ನಿಂತ ಮನೀನ ಒಂದು ಅಂತ ಎಣಸೂದು. ಬೆರಳು ಮುಂದಿನ ಮನಿಗೆ ಬಡದ ಮ್ಯಾಲ 'ಒಂದು' ಅನ್ನಸ್ರಿ.

ನವನಗರದವ:
ಅಯ್ಯೋ, ನಾವು ನಾಕು ಮೂಲಿಗೂ ಕತ್ತರಿ ಹಾಕೀವಿ!

ಖಡು ತುಂಡು:
ಒದ್ದಿ ಅರಬೀಲೆ ಒರಸ್ರಿ ಮತ್ತ. ಮೂಲಿಗೆ ಕಟ್ಟಿ ಕೊಟ್ರ ಹೊಡಿಯಾಕ ಜಾಗಾನ ಉಳಿಯೂದಿಲ್ಲ. ಲೆಕ್ಕಾನೂ ಕೆಡತೈತಿ. ಕಟ್ಟಿಯಿಂದ ಕಟ್ಟಿಗೆ ಬರೋಬ್ಬರಿ 4 ಹೆಜ್ಜಿ ಐತಿ ನೋಡ್ರಿ. ಕಟ್ಟಿ ಮ್ಯಾಲಿನ ಕಾಯಿಗೆ ಚೌಕಾ ಬಿದ್ರ ಮುಂದಿನ ಕಟ್ಟಿ, ಬಾರಾ ಬಿದ್ರ ಎದುರಿನ ಕಟ್ಟಿ. ದೊಡ್ಡ ಆಟ ಬಿದ್ದಾವನ ಕಾಯಿ ಸುರಕ್ಷಿತ, ಒಂದು-ಎರಡು-ಮೂರು ಬಿದ್ದಾವ ಬೈಲಾಗ. ಆಟದ ರುಚಿನ ಅದು.

ಮೈಸೂರಿನವಳು:
ನಮ್ಮ ಕಡೆ ಇದಕ್ಕೆ ಕಟ್ಟೆಮನೆ ಅಂತಲೂ ಹೆಸರಿದೆ. ತೆಲುಗಿನವರು ಅಷ್ಟಾ ಚಮ್ಮಾ ಅಂತಾರೆ, ಅಷ್ಟ ಅಂದರೆ ಎಂಟು, ಚಮ್ಮಾ ಅಂದರೆ ನಾಲ್ಕು. ಹಲಗೆ ಆಟಗಳ ಮಾತು ಬಂದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794-1868) ನೆನೆಯದಿದ್ದರೆ ಹೇಗೆ? ಆಟಗಳನ್ನು ಕಟ್ಟಿ, ಮನೆ ಬರೆಸಿ, ಇಡೀ ಶಾಸ್ತ್ರವನ್ನೇ ಬೆಳೆಸಿದವರು.

ಲಿಂಬಿ ತೋಟ:
ಅಕ್ಕಾರ, ಮಹಾರಾಜರಿಗೆ ನಮಸ್ಕಾರ. ಕಾಯಿ ಏಳ್ಲಿಕ್ಕೆ ಅವರು ಏನು ಬೀಳಬೇಕಂದಿದ್ರು, ಅದನ್ನ ಹೇಳ್ರಿ.

ಕುಂದಾ ಡಬ್ಬಿ:
ಒಂದು ಸಂಶೇ. ಮರಾಠಿಯೊಳಗ ಬಾರಾ ಅಂದ್ರ ಹನ್ನೆರಡು. ನಾವು ಎಂಟಕ್ಕ ಬಾರಾ ಅಂತೀವಿ. ಬೆಳಗಾವ್ಯಾಗ ಮಕ್ಕಳು ಎರಡೂ ಭಾಷಾ ಆಡತಾವು, ಕೇಳಿದ್ರ ಏನ ಹೇಳೂದು?

ಘಟಪ್ರಭಾ ದಂಡಿ:
7 ಮನಿ ಆಟಾನೂ ಐತಿ. 49 ಮನಿ, ಕವಡಿ 6. ಅಲ್ಲೆ ಆರೂ ಬೋರಲು ಬಿದ್ರ 12. ಬಾರಾ ಅನ್ನೂ ಮಾತು ಅಲ್ಲೆ ಸರಿ ಕುಂಡರತೈತಿ. 5 ಮನಿ ಆಟದಾಗ ಎಂಟಕ್ಕ ಅದ ಹೆಸರು ಹಿಡದೀವಿ. ಮಗುವಿಗೆ 'ನಾಕೂ ಬೋರಲು, ಎಂಟು ಮನಿ' ಅಂತ ಹೇಳ್ರಿ, ಹೆಸರು ತಾನ ಹತ್ತತೈತಿ. 'ಏನೂ ಮ್ಯಾಲ ಇಲ್ಲ, ಹಂಗಾರ ಸೊನ್ನಿ' ಅಂತ ಎಲ್ಲಾ ಮಕ್ಕಳೂ ಮೊದಲ ಅಂತಾವು. ಅದು ತಪ್ಪಲ್ಲ, ನಿಯಮಾನ ವಿಚಿತ್ರ.

ಖಾನಾವಳಿ ರೊಟ್ಟಿ:
ಪಗಡಿನೂ ಇದೂ ಒಂದ ಅಲ್ಲೇನ್ರಿ?

ಇಳಕಲ್ ಸೆರಗು:
ಅಲ್ಲ. ಪಗಡಿ ಹಾಸು ಕೂಡುಹಾದಿ ಆಕಾರ. ನಾಕು ತೋಳು, ಒಂದೊಂದು ತೋಳಿಗೆ 8 ಮನಿಯ 3 ಸಾಲು, ಒಟ್ಟ 96 ಮನಿ, ನಡುವ ಒಂದು. ಉದ್ದನ ದಾಳ ಉರುಳಿಸಿ ಆಡೂದು. ಮಗಳು ಆಡೂ ಲೂಡೋ ಅದರ ವಂಶದ್ದ. ಅಂಥಾದ್ದ ಹಾಸಿನ ಮ್ಯಾಲ ಕವಡೀಲೆ ಆಡೂ ಪಚ್ಚೀಸ್ ಆಟಾನ ಸರಳ ಮಾಡಿ 1896ರಾಗ ಇಂಗ್ಲೆಂಡಿನ್ಯಾಗ ಪೇಟೆಂಟ್ ತಗೊಂಡ್ರು. ಲೂಡೋ ಬಿಡಿಸಿ ಚೌಕಾಬಾರಾ ಹಚ್ಚೂದಂದ್ರ ಮೊಮ್ಮಗನ ಮನಿಯಿಂದ ಅಜ್ಜನ ಓಣಿಗೆ ಕರಕೊಂಡು ಹೋದಂಗ.

ನವನಗರದವ:
ಕವಡಿ ಸದ್ಯ ಸಿಕ್ಕಿಲ್ಲ. ಹುಣಸಿ ಬೀಜ ನಡಿತಾವೇನ್ರಿ? ಹುರದ ಬೀಜ ತಿಕ್ಕಿದ್ರ ಸಿಪ್ಪಿ ಎದ್ದು ಬರಾಕತ್ತೈತಿ.

ಖಡು ತುಂಡು:
ಹುರದದ್ದ ತಪ್ಪು. ಹುರದ್ರ ಸಿಪ್ಪಿ ಬಿಡತೈತಿ, ಕರೆ ಮಕ್ಕ ಉಳಿಯೂದಿಲ್ಲ. ನೆನಿ ಹಾಕಲೂಬಾರದು, ಉಬ್ಬಿ ಬಿರೀತಾವು. ಹಸಿ ಹಣ್ಣಿನಿಂದ ತಗದ ಬೀಜ ತೊಳದು ಎರಡು ದಿನ ಬಿಸಲಿಗೆ ಒಣಗಸ್ರಿ. ಒಂದ ಅಳತಿ, ಚಪ್ಪಟಿ ಇರೂ 4 ಆರಿಸ್ರಿ. ಒರಟ ಕಲ್ಲಿನ ಮ್ಯಾಲ ಒಂದೆರಡು ಹನಿ ನೀರು ಬಿಟ್ಟು ಒಂದ ಮಕ್ಕ ತಿಕ್ಕ್ರಿ, ಬಿಳಿ ಕಂಡ ಕೂಡ್ಲೆ ನಿಲ್ಲಸ್ರಿ. ಆಳಕ್ಕ ತಿಕ್ಕಿದ್ರ ಆ ಕಡೆ ಹಗರ ಆಗಿ ಬೀಳೂದು ಒಂದ ಮಕ್ಕ ವಾಲತೈತಿ. ಬಿಳಿ ಮ್ಯಾಲ ಬಿದ್ರ ಬಾಯಿ, ಕರೆ ಬಿದ್ರ ಬೆನ್ನು. ಬೆರಳು ಉಗುರು ಸವಿತಾವು, ತಿಕ್ಕೂ ಕೆಲಸ ದೊಡ್ಡವರು ಮಾಡ್ರಿ.

ಇದನ್ನೂ 25 ಸಲ ಹಾಕಿ ನೋಡ್ರಿ.

ಇಳಕಲ್ ಸೆರಗು:
ಹಾಕೂ ಜಾಗಾನೂ ಗೊತ್ತ ಮಾಡ್ಕೋರಿ. ಬರೇ ಫರಸಿ ಮ್ಯಾಲ ಕವಡಿ ಹಾಕಿದ್ರ ಜಾರಿ ಕಪಾಟಿನ ಕೆಳಗ. ತಾಟಿನಾಗ ಹಳೇ ಟಾವೆಲ್ ಮಡಚಿ ಇಡ್ರಿ. ಮಕ್ಕಳು ಮುಟಗಿಯಿಂದ ಮೆಲ್ಲಕ ಇಡತಾರ, ಬೇಕಾದ್ದು ಬೀಳ್ಲಿ ಅಂತ. ಒಂದು ಸಣ್ಣ ಬಟ್ಟಲ ಕೊಡ್ರಿ, ಕುಲುಕಿ ಸುರವಲಿ. ತಾಟಿನ ಹೊರಗ ಬಿದ್ರ ಮತ್ತ ನಾಕೂ ಹಾಕೂದು. ಅಂಚಿನ ಮ್ಯಾಲ ವಾಲಿ ನಿಂತ್ರೂ ನಾಕೂ ಮತ್ತ. 'ಅದೊಂದ ಹಾಕತೇನಿ' ಅಂದ್ರ ಬಿಡಬ್ಯಾಡ್ರಿ.

ಲಿಂಬಿ ತೋಟ:
ಕಾಯಿಗೆ ಬಳಿ ಚೂರು ಇಟ್ರಾತು. ನಾಕು ಬಣ್ಣ ಸುಲಭ ಸಿಗ್ತಾವ.

ಕುಂದಾ ಡಬ್ಬಿ:
ಸಣ್ಣ ಹುಡುಗರ ಕೈಗೆ ಗಾಜಿನ ಚೂರೇನ್ರಿ? ಬಟನ್ ಇಡ್ರಿ, ನಾಕು ಬಣ್ಣ ಅಲ್ಲೂ ಸಿಗತಾವು. ಶೇಂಗಾ ಮಾತ್ರ ಬ್ಯಾಡ, ಒಳಗಿನ ಸುತ್ತಿಗೆ ಬರೂದ್ರಾಗ ಸೈನ್ಯ ಹೊಟ್ಟಿಯೊಳಗ ಇರತೈತಿ.

ಮೈಸೂರಿನವಳು:
ನಮ್ಮಲ್ಲಿ ಅಳಗುಳಿಮನೆಗೆ ಗುಲಗಂಜಿ ಹಾಕುತ್ತಿದ್ದರು. ಕೆಂಪು-ಕಪ್ಪು, ನೋಡಲು ಎಷ್ಟು ಚೆಂದ. ಅದನ್ನೇ ಕಾಯಿ ಮಾಡಬಹುದು.

ಕವಡಿ ಲೆಕ್ಕ:
ಬ್ಯಾಡ್ರಿ. ಗುಲಗಂಜಿಯೊಳಗ ಅಬ್ರಿನ್ ಅಂತ ಭಾರೀ ವಿಷ ಐತಿ. ಹಂಗ ನುಂಗಿದ್ರ ಗಟ್ಟಿ ಸಿಪ್ಪಿ ಕಾಯಬಹುದು. ಕಚ್ಚಿ ಅಗದ್ರ, ಇಲ್ಲಾ ತೂತು ಮಾಡಿದ ಬೀಜ ಬಾಯಿಗೆ ಹಾಕೊಂಡ್ರ ಜೀವಕ್ಕ ಕುತ್ತು. ಅಕಸ್ಮಾತ್ ಬಾಯಾಗ ಹೋದ್ರ ಮನಿ ಔಷಧ ಮಾಡಕೋತ ಕುಂಡ್ರಬಾರದು, ಸೀದಾ ದವಾಖಾನಿ. ಅಳಗುಳಿ 14 ಗುಳಿಗೆ ಐದೈದರಂಗ 70 ಬೀಜ ಬೇಕು, ಅದಕ್ಕೂ ಹುಣಸಿ ಬೀಜಾನ ಸಾಕು. ಮನಿಯಾಗ ಮೂರು ವರ್ಷದ ಒಳಗಿನ ಕೂಸು ಇದ್ರ ಕವಡಿ, ಬಟನ್, ಬೀಜ ಯಾವುದನ್ನೂ ನೆಲದ ಮ್ಯಾಲ ಬಿಟ್ಟು ಏಳಬಾರದು. ಗಂಟಲಕ್ಕ ಸಿಗತಾವು.

ಮೈಸೂರಿನವಳು:
ಇದು ಗೊತ್ತಿರಲಿಲ್ಲ. ನನ್ನ ಮಾತು ವಾಪಸ್.

ಘಟಪ್ರಭಾ ದಂಡಿ:
ಎರಡನೇ ಪ್ರಶ್ನೆಕ್ಕ ಯಾರೂ ಉತ್ತರಾನ ಕೊಟ್ಟಿಲ್ಲ. ಒಂದಾದ್ರೂ ಕಾಯಿ ಹೊಡದ ಮ್ಯಾಲ ಒಳಗ ಹೋಗೂದು, ಇದು ಹೆಚ್ಚು ಕಡೆ ಇರೂ ನಿಯಮ. ಹೊಡೀದಿದ್ರ 15ನೇ ಹೆಜ್ಜಿ ಆದ ಮ್ಯಾಲ ತನ್ನ ಕಟ್ಟಿ ದಾಟಿ ಮತ್ತ ಹೊರಗ ಸುತ್ತೂದು. ಹೊಡದ್ರ ಇನ್ನೊಂದು ಕವಡಿ ಸಿಗತೈತಿ. ಇಬ್ಬರ, ಎರಡೆರಡ ಕಾಯಿ ಇಟ್ಟು ಆಡುವಾಗ ಈ ನಿಯಮ ಹಿಡದ್ರ ಪಂಚಾಯ್ತಿ. ಹೊರಗಿನ ಸುತ್ತಿನ್ಯಾಗ ಕಾಯಿ ಕಡಿಮಿ, ಹೊಡಿಯಾಕ ಸಿಗೂದಿಲ್ಲ, ಎತ್ತು ಗಾಣ ತಿರಗಿದಂಗ ತಿರಗೂದ. ಎರಡು ಕಾಯಿ ಆಟಕ್ಕ ಹೊಡೂ ಶರತ್ತು ತಗದ ಬಿಡ್ರಿ. ನಾಕು ಕಾಯಿಗೆ ಬಂದಾಗ ಹಚ್ಚರಿ.

ಖಾನಾವಳಿ ರೊಟ್ಟಿ:
ಮಕ್ಕಳ ಕಾಯಿ ಹೊಡದ್ರ ಅಳತಾವು. ಕಂಡೂ ಕಾಣದಂಗ ಬಿಡೂದ ಚಲೋ.

ಇಳಕಲ್ ಸೆರಗು:
ಬಿಡಬಾರದು! ಏಳು ವರ್ಷದ್ದಕ್ಕ ಕಣ್ಣಿಲ್ಲೇನ್ರಿ? ಎರಡು ಬಿದ್ದೈತಿ, ಎರಡು ಮನಿ ಮುಂದ ತನ್ನ ಕಾಯಿ ಐತಿ, ಅಪ್ಪ ಬ್ಯಾರೆ ಕಾಯಿ ನಡಸಿದ. ತಿಳಿತೈತಿ ಅದಕ್ಕ. ಆಮ್ಯಾಲ ಗೆದ್ದ ಆಟಾನೂ ಸಪ್ಪಗ ಆಗತೈತಿ. ಕೊಡೂದಿದ್ರ ಎದುರಿಗೆ ಹೇಳಿ ಕೊಡ್ರಿ. ನಿನಗ ಎರಡು ಕಾಯಿ, ನನಗ ಮೂರು. ಇಲ್ಲಾ, ನಿನಗ ಚೌಕಾ-ಬಾರಾಕ್ಕ ಇನ್ನೊಂದು ಕವಡಿ, ನನಗ ಇಲ್ಲ. ಅಕಿ ಸತತ ಮೂರು ಆಟ ಗೆದ್ರ ಒಂದು ರಿಯಾಯ್ತಿ ವಾಪಸ್. ಕುಂಡ್ರೂ ಮೊದಲ ಖಡೂಲೆ ಬಾಜೂಕ ಬರದಿಡ್ರಿ, ನಡುವ ಮಾತು ಬದಲಾಗೂಹಂಗಿಲ್ಲ.

ಲಿಂಬಿ ತೋಟ:
ಇದಕ್ಕ ಮಾತ್ರ ನಂದೂ ಹೂಂ.

ಖಾನಾವಳಿ ರೊಟ್ಟಿ:
ಹೊರಗಿನ ಸುತ್ತಿನ್ಯಾಗ ಹೊಡತ ತಪ್ಪಿಸಾಕ ಏನರ ಉಪಾಯ ಐತೇನು ಹಂಗಾರ?

ಕವಡಿ ಲೆಕ್ಕ:
ಐತಿ. ಹಿಂದ ಬರೂ ವೈರಿ ಕಾಯಿಯಿಂದ ಎರಡು ಮನಿ ಮುಂದ ನಿಲ್ಲಬಾರದು, ಎರಡು ಬೀಳೂದ ಎಲ್ಲಾಕಿಂತ ಹೆಚ್ಚು, 16ಕ್ಕ 6. ಒಂದು ಇಲ್ಲಾ ಮೂರು ಮನಿ ಮುಂದ ಇದ್ರ 16ಕ್ಕ 4. ಐದು, ಆರು, ಏಳು ಮನಿ ಮುಂದ ಇದ್ರ ಒಂದ ಸಲ ಕವಡಿ ಹಾಕಿದ್ರ ಸಿಗೂದಿಲ್ಲ, ಮೊದಲ ಚೌಕಾ ಬಿದ್ದು ಆಮ್ಯಾಲ ಬರೋಬ್ಬರಿ ಬೀಳಬೇಕು.

ಕಡೀಗೂ ಹಂಗ. ನಡುವಿನ ಮನಿಗೆ ಬರೋಬ್ಬರಿ ಎಣಿಕಿ ಬೇಕು, ಹೆಚ್ಚು ಬಿದ್ರ ನಡಸಾಕ ಬರೂದಿಲ್ಲ. ಕೊನೀ ಕಾಯಿ ಹಣ್ಣಿನ ಮನಿ ಬಾಗಲದಾಗ, 23ನೇ ಹೆಜ್ಜಿಗೆ ನಿಂತ್ರ ಒಂದಕ್ಕ ಕಾಯಬೇಕು, ಸರಾಸರಿ 4 ಸಲ. 22ರಾಗ ನಿಂತ್ರ ಎರಡು ಬಿದ್ರ ಹಣ್ಣು, ಒಂದು ಬಿದ್ರ 23ಕ್ಕ. ಕೂಡಿಸಿ ನೋಡಿದ್ರ 3.2 ಸಲ. ಹತ್ರ ಇದ್ದಾವ ತಡಾ, ಒಂದು ಹೆಜ್ಜಿ ಹಿಂದ ಇದ್ದಾವ ಲಗೂ. ಮಗಳಿಗೆ ಮೊದಲ ಹೇಳಬ್ಯಾಡ್ರಿ, ಅಕಿನ ಕಂಡಹಿಡೀಲಿ.

ಖಾನಾವಳಿ ರೊಟ್ಟಿ:
ಬಾದಾಮಿ, ಪಟ್ಟದಕಲ್ಲಿಗೆ ಕರಕೊಂಡು ಹೋಗಿ ಕಲ್ಲಿನ ಮ್ಯಾಲಿನ ಮನಿ ತೋರಸ್ರಿ ಮಗಳಿಗೆ. ಚಾಲುಕ್ಯರೂ ಇದ ಆಡತಿದ್ರು.

ಘಟಪ್ರಭಾ ದಂಡಿ:
ಅಷ್ಟ ಜಿಗೀಬ್ಯಾಡ್ರಿ. ಹಂಪಿಯೊಳಗ ನೆಲಗಲ್ಲಿನ ಮ್ಯಾಲ ಕೊರದ ಆಟದ ಮನಿ ಬೇಕಾದಷ್ಟು ಅದಾವು. ಆದ್ರ ಗುಡಿ ಕಟ್ಟಿದ ಕಾಲ ಬ್ಯಾರೆ, ಗೆರಿ ಕೊರದ ಕಾಲ ಬ್ಯಾರೆ ಇರಬಹುದು. ನೆಳ್ಳಿಗೆ ಕುಂತ ದನಾ ಕಾಯೂ ಹುಡುಗರು ಯಾವ ಶತಮಾನದಾಗ ಬೇಕಾದ್ರೂ ಕೊರದಿರತಾರ. ಮತ್ತ, ತೋರಸ್ರಿ, ಅಲ್ಲೆ ಖಡು ಹಿಡದು ಕುಂಡ್ರಬ್ಯಾಡ್ರಿ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ತಾಣ. ಸಂರಕ್ಷಿತ ಸ್ಮಾರಕ ಕೆಡಿಸಿದ್ರ 2 ವರ್ಷದ ತನಕ ಜೇಲು, ಇಲ್ಲಾ 1 ಲಕ್ಷ ರೂಪಾಯಿ ತನಕ ದಂಡ, ಎರಡೂ ಬೀಳಬಹುದು.

ನವನಗರದವ:
ಎಲ್ಲಾರಿಗೂ ಶರಣ್ರಿ. ಇವತ್ತಿನ ಕರಾರು: ಇಬ್ಬರು, ಎರಡೆರಡ ಕಾಯಿ, ಒಂದು ಬಿದ್ರೂ ಏಳತೈತಿ, ಹೊಡೂ ಶರತ್ತು ಇಲ್ಲ, ತಾಟಿನಾಗ ಟಾವೆಲ್. ಮೂಲಿ ಕತ್ತರಿ ಒರಸೀವಿ. ಇನ್ನೊಂದ ಕೇಳೂದಿತ್ತು: ಒಂದ ಮನಿಯಾಗ ನನ್ನವ ಎರಡು ಕಾಯಿ ಕೂಡಿದ್ರ ಗಟ್ಟಿ ಆಗತೈತಿ, ಒಂಟಿ ಕಾಯಿ ಅದನ್ನ ಹೊಡಿಯೂಹಂಗಿಲ್ಲ ಅಂತ ಮನಿಯಾಕಿ ಹೇಳತಾಳ. ಖರೇ ಏನು?

ಖಡು ತುಂಡು:
ಗಟ್ಟಿ ಆಡೂ ಕಡೆ ಹಂಗ ಐತಿ. ಗಟ್ಟಿ ಹೊಡಿಯಾಕ ಗಟ್ಟಿನ ಬರಬೇಕು. ಗಟ್ಟಿ ಜೋಡಿಲೆ ನಡಿಯೂದು, ಎರಡು ಬಿದ್ರ ಒಂದು ಮನಿ, ಚೌಕಾ ಬಿದ್ರ ಎರಡು, ಬಾರಾ ಬಿದ್ರ ನಾಕು. ಒಂದು, ಮೂರು ಬಿದ್ರ ಗಟ್ಟಿ ಅಲ್ಲಾಡೂದಿಲ್ಲ. ಎರಡ ಕಾಯಿ ಆಟಕ್ಕ ಇದು ಬ್ಯಾಡ, ಇರೂ ಎರಡೂ ಕಾಯಿ ಒಂದ ಕಡೆ ಕಟ್ಟಿಹಾಕಿದಂಗ. ಅಕಿ ಅರ್ಧ ಮಾಡೂ ಲೆಕ್ಕ ಕಲತ ಮ್ಯಾಲ ನಾಕು ಕಾಯಿಗೆ ಹಚ್ಚರಿ.

ಲಿಂಬಿ ತೋಟ:
ನೋಡ್ರಿ, ಇಂಡಿಯವರ ಎರಡನೇ ಮಾತೂ ಖರೆ ಆಯ್ತು. ಮೊದಲಿಂದೂ ಖರೇನ ಅದ. ಒಂದು ಬಿದ್ದು ಕಾಯಿ ಏಳೂದು ಆಟ ಏನ್ರಿ ಅದು?

ಕವಡಿ ಲೆಕ್ಕ:
ಕವಡಿ ತೊಗೊಂಡು 100 ಸಲ ಹಾಕಿ, ಚೌಕಾ-ಬಾರಾ ಎಷ್ಟು ಬಿದ್ದುವು ಬರದು ಹಾಕ್ರಿ ಇಲ್ಲೆ. ಕಾಯತಿರತೇನಿ.

ಲಿಂಬಿ ತೋಟ:
ಹಾಕ್ಲಿಕತ್ತೀನಿ. 31 ಆದವು, ಚೌಕಾ ಎರಡು, ಬಾರಾ ಇನ್ನೂ ಇಲ್ಲ.